ದಾರಿ ಹಂಚಿಕೊಳ್ಳುವ ತಂತಿಗಳು

ನಮ್ಮ ಅಜ್ಜಂದಿರ ಕಾಲದಲ್ಲಿ ಪರಊರಿಗೆ ಟೆಲಿಫೋನಿನಲ್ಲಿ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಮನೆಯಲ್ಲಿ ಸಾವು-ನೋವಾದರೂ ಅದೇ ಪಾಡು. ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರರು ತಂತಿಯ ತುದಿಯನ್ನು ಹಲಗೆಯ ರಂಧ್ರಕ್ಕೆ ಚುಚ್ಚಿ ಇಬ್ಬರನ್ನು ಕೂಡಿಸುತ್ತಿದ್ದರು. ಹೀಗೆ ಕೂಡಿಸುವ ಕೆಲಸಕ್ಕೇ ಸ್ವಿಚಿಂಗ್ ಎನ್ನುತ್ತೇವೆ.

ಮುಂದೆ ಈ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದೇ 128 ಲೈನುಗಳ ಚಿಕ್ಕ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ಸಿದ್ಧಪಡಿಸಿತು. 1986ರಲ್ಲಿ ಅದನ್ನು ಮೊದಲು ನಡೆಸಿ ನೋಡಿದ್ದು ದಿಲ್ಲಿ-ಮುಂಬಯಿಗಳಲ್ಲಲ್ಲ, ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ! ತಂಪು ಯಂತ್ರದ ಕೋಣೆ ಇಲ್ಲದೆ, ಹಳ್ಳಿಯ ಧೂಳು, ಸೆಕೆಗಳನ್ನು ತಾಳಿಕೊಂಡು ಕೆಲಸ ಮಾಡುವುದು ಅದರ ವಿಶೇಷ. ರಾಣಿ ಚನ್ನಮ್ಮನ ಕಿತ್ತೂರಿಗೆ ಈ ಮಾನವೂ ಸಲ್ಲುತ್ತದೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆದರೆ ಟೆಲಿಫೋನಿನ ಆ ಪದ್ಧತಿಯಲ್ಲಿ ಒಂದು ತೊಡಕಿದೆ. ಇಬ್ಬರು ಮಾತನಾಡುವವರೆಗೆ ದಾರಿ ಅವರಿಗೇ ಮೀಸಲು; ಇಬ್ಬರೂ ಸುಮ್ಮನೆ ಕುಳಿತರೂ ಬೇರೆಯವರಿಗೆ ಸಿಗದು. ಕಂಪ್ಯೂಟರಾದರೋ ಒಂದು ಕ್ಷಣ ಮಾಹಿತಿ ಸುರಿದು ಬಹಳ ಹೊತ್ತು ಸುಮ್ಮನಿರುತ್ತದೆ. ಅದಕ್ಕಾಗಿ ಇಡೀ ದಾರಿ ಕಾದಿಡುವುದೆಂದರೆ ಒಬ್ಬ ಪ್ರಯಾಣಿಕನಿಗಾಗಿ ಒಂದು ಎಸ್.ಟಿ. ಬಸ್ಸು ಬಿಟ್ಟಂತೆ. 1960ರ ದಶಕದಲ್ಲಿ ಅಮೇರಿಕದ ಪಾಲ್ ಬಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಇದಕ್ಕೆ ಬೇರೆಬೇರೆಯಾಗಿ ಒಂದೇ ಉಪಾಯ ಕಂಡುಹಿಡಿದರು. ಮಾಹಿತಿಯನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ ಕಳಿಸುವುದೇ ಆ ಉಪಾಯ. ತುಂಡಿಗೆ 'ಪ್ಯಾಕೆಟ್' ಎಂದು ಹೆಸರಿಟ್ಟವರು ಡೇವಿಸ್.

ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟುಗಳನ್ನು ಮೀರುವುದಿಲ್ಲ. 3 ಲಕ್ಷ ಬೈಟುಗಳ ಒಂದು ಫೋಟೋ ಸುಮಾರು 200 ಪ್ಯಾಕೆಟ್ಟುಗಳಾಗುತ್ತದೆ. ಪ್ರತಿಯೊಂದರ ಮೇಲೂ ಕಳಿಸಿದವರ ವಿಳಾಸ, ಸೇರಬೇಕಾದ ವಿಳಾಸ, ಕ್ರಮ ತಿಳಿಸುವ ಅಂಕೆ ಇರುತ್ತವೆ. ದಾರಿಯಲ್ಲಿರುವ ರೌಟರ್ ಎಂಬ ಯಂತ್ರವು ವಿಳಾಸ ಓದಿ ಮುಂದಿನ ನಿಲ್ದಾಣಕ್ಕೆ ದಾಟಿಸುತ್ತದೆ. ಮಳೆಗಾಲದಲ್ಲಿ ತಾಮ್ರಪರ್ಣಿ ಉಕ್ಕಿ ಕೋವಾಡದ ದಾರಿ ಕಟ್ಟಿದರೆ ನೇಸರಿಯವರು ಗಡಹಿಂಗ್ಲಜ-ಸಂಕೇಶ್ವರದ ಮೇಲಿಂದ ಬೆಳಗಾವಿಗೆ ಹೋಗುವುದಿಲ್ಲವೇ? ಪ್ಯಾಕೆಟ್ಟುಗಳೂ ಹಾಗೆಯೇ. ಹಿಂದೆ ಹೊರಟದ್ದು ಮುಂದೆ ಮುಟ್ಟೀತು. ಅಂಕೆ ನೋಡಿ ಜೋಡಿಸಿಕೊಳ್ಳುವುದು ಪಡೆಯುವ ಕಂಪ್ಯೂಟರಿನ ಕೆಲಸ. ಮುಟ್ಟಿದ್ದಕ್ಕೆ ಪಾವತಿ ಬಾರದಿದ್ದರೆ ಕಳಿಸಿದ ಯಂತ್ರ ಅದನ್ನು ಮತ್ತೆ ಕಳಿಸುತ್ತದೆ.

ಹತ್ತನೆಯ ಇಯತ್ತೆಯ ಫಲಿತಾಂಶದ ದಿನ ಎಲ್ಲರೂ ಒಮ್ಮೆಲೇ ಆಸನ ಕ್ರಮಾಂಕ ಒತ್ತುತ್ತಾರೆ. ಆಗ ಪ್ಯಾಕೆಟ್ಟುಗಳು ರೌಟರಿನಲ್ಲಿ ಸಾಲುಗಟ್ಟುತ್ತವೆ. ಸಾಲಿಗೆ ಸ್ಥಳ ಸಾಲದಾದರೆ ಹೊಸದಾಗಿ ಬಂದವು ಬಿದ್ದುಹೋಗುತ್ತವೆ. ಫಲಿತಾಂಶ ಇಟ್ಟ ಕಂಪ್ಯೂಟರಿಗೂ ಉಸಿರುಕಟ್ಟುತ್ತದೆ. ಎದೆ ಡವಗುಟ್ಟುತ್ತ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಸಾಲು ಬೆಳೆಯುತ್ತದೆಯೇ ಹೊರತು ಅಂಕ ಬೇಗ ಬಾರವು. ಆದರೆ ಎಷ್ಟೇ ನೂಕುನುಗ್ಗಲಿದ್ದರೂ ನೇಸರಿಯ ಹುಡುಗಿಯ ಗುಣಪತ್ರಿಕೆ ಇಚಲಕರಂಜಿಯ ಹುಡುಗನಿಗೆ ಹೋಗುವುದಿಲ್ಲ. ವಿಳಾಸದ ಮಹಿಮೆ ಅಂಥದು.

ಇನ್ನು ಶಾಲೆಯ ಕಂಪ್ಯೂಟರ್ ಕೋಣೆಗಳಲ್ಲಿ ಹಸಿರು ದೀಪ ಮಿಟುಕಿಸುವ ಚಿಕ್ಕ ಪೆಟ್ಟಿಗೆ. ಅದರ ಹೆಸರೇ ಸ್ವಿಚ್. ಯಾವ ಕಂಪ್ಯೂಟರ್ ಯಾವ ತೂತಿಗೆ ಜೋಡಿಸಿದೆಯೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬಂದ ಮಾಹಿತಿಯ ಮೇಲೆ ಕಳಿಸಿದವರ ಗುರುತು ನೋಡಿ ತಾನೇ ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ಗುರುತು ಬಂದರೆ, ಬಂದ ತೂತು ಬಿಟ್ಟು ಉಳಿದೆಲ್ಲ ತೂತುಗಳಿಗೂ ಕಳಿಸಿ ನೋಡುತ್ತದೆ. ಸಂಬಂಧಪಟ್ಟ ಕಂಪ್ಯೂಟರ್ ಉತ್ತರ ಕೊಟ್ಟೊಡನೆ ಅದರ ಹೆಸರನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತದೆ.