ತಲ್ಯಾಗಿಂದು ರಕ್ತದಾಗ ಕಾಣತೈತೇನ್ರಿ?

ಬನಹಟ್ಟಿಯ ನನ್ನ ಲ್ಯಾಬಿಗೆ ಮಗ್ಗದ ಮನೆಯವರು ಬರುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ರೈತರೂ ಬರುತ್ತಾರೆ. ಮಗ ಒಬ್ಬನೇ ಕುಳಿತು ಯಾರಿಗೋ ಉತ್ತರ ಕೊಡುತ್ತಾನೆ, ಊಟದಲ್ಲಿ ವಿಷ ಹಾಕಿದ್ದಾರೆ ಅನ್ನುತ್ತಾನೆ. ಮಾಟ ಅಂತ ದೇವರು-ದಿಂಡರು ಎಲ್ಲ ಮುಗಿಸಿಕೊಂಡು ಬಂದ ತಾಯಿ ಕೇಳುತ್ತಾಳೆ: 'ಸಕ್ಕರಿ ಗೊತ್ತಾಗತೈತಿ, ಥೈರಾಯ್ಡ್ ಗೊತ್ತಾಗತೈತಿ. ತಲ್ಯಾಗಿಂದು ಗೊತ್ತಾಗಂಗಿಲ್ಲೇನ್ರಿ?'

ಕೇಳುವುದರಲ್ಲಿ ತಪ್ಪಿಲ್ಲ. ವಿಜ್ಞಾನಿಗಳೂ ಅದನ್ನೇ ಹುಡುಕುತ್ತಿದ್ದಾರೆ.

ನರತಂತುವಿನೊಳಗೆ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನಿನ ಎಳೆಗಳಿವೆ. ನೂಲು ಹಿಂಜಿದರೆ ಮಗ್ಗದ ಕೆಳಗೆ ಧೂಳು ಬೀಳುವ ಹಾಗೆ, ನರಕೋಶಕ್ಕೆ ಪೆಟ್ಟಾದರೆ ಇದರ ತುಣುಕು ರಕ್ತಕ್ಕೆ ಸೋರುತ್ತದೆ. ಪ್ರಮಾಣ ಎಷ್ಟು ಕಡಿಮೆಯೆಂದರೆ ಅಳತೆ ಪಿಕೋಗ್ರಾಂನಲ್ಲಿ. ನನ್ನ ಯಂತ್ರಕ್ಕೆ ಅದು ದಕ್ಕುವುದಿಲ್ಲ. ಮರೆವಿನ ರೋಗಗಳಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಇದು ಏರುತ್ತದೆ. ಆ ಮಗನಂತೆ ಇಲ್ಲದ ದನಿ ಕೇಳುವ, ಸುಳ್ಳು ಶಂಕೆ ಕಾಡುವ ಸ್ಕಿಜೋಫ್ರೇನಿಯಾದಲ್ಲಿ ಬಹುತೇಕ ಸಹಜ ಮಟ್ಟದಲ್ಲೇ ಇರುತ್ತದೆ. ನನ್ನ ಪ್ರಕಾರ ಇದೇ ಒಳ್ಳೆಯ ಸುದ್ದಿ: ಮಿದುಳು ಕರಗಿಹೋಗುತ್ತಿಲ್ಲ ಎಂದಾಯಿತು. ಐವತ್ತು ದಾಟಿದ ಮೇಲೆ ಸ್ವಭಾವವೇ ಬದಲಾದವರಲ್ಲಿ ಅದು ಮನೋರೋಗವೋ ಡಿಮೆನ್ಷಿಯಾವೋ ಎಂದು ಬೇರ್ಪಡಿಸಲು ಮೆಲ್ಬರ್ನ್‌ನ ವೈದ್ಯರು ಈ ಅಳತೆಯನ್ನೇ ಪರೀಕ್ಷಿಸಿದ್ದಾರೆ.

ಇನ್ನು ಉರಿಯೂತ. ಇಂಟರ್‌ಲ್ಯೂಕಿನ್-6, ಸಿಆರ್‌ಪಿ ಎಂಬ ಉರಿಯೂತದ ಗುರುತುಗಳೆರಡೂ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಸರಾಸರಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಟರ್‌ಲ್ಯೂಕಿನ್‌ಗಳ ಮೇಲೆ ಸಂಶೋಧನೆ ನಡೆದಿದೆ. ಆದರೆ ಸರಾಸರಿ ಎಂಬುದು ಗುಂಪಿನ ಮಾತು. ಸಿಆರ್‌ಪಿ ಬೀಡಿ ಸೇದಿದರೂ ಏರುತ್ತದೆ, ಬೊಜ್ಜಿದ್ದರೂ, ವಸಡು ಕೀವಾದರೂ. ಮಿದುಳಿನ ಗುರುತು ಎಂದು ಹೆಸರಾದ ಎಸ್100ಬಿ ಕೊಬ್ಬಿನಿಂದಲೂ ಬರುತ್ತದೆ. ಅದಕ್ಕೇ, 'ಒಂದೇ ಟೆಸ್ಟಿನಲ್ಲಿ ಮನೋರೋಗ ಪತ್ತೆ' ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಂತ ರಕ್ತ ಪರೀಕ್ಷೆ ದಂಡವೂ ಅಲ್ಲ. ಥೈರಾಯ್ಡ್, ಬಿ12 ಕೊರತೆಯಿಂದಲೂ ಭ್ರಮೆ ಬರಬಹುದು. 2007ರಲ್ಲಿ ನರವೈದ್ಯ ಹೋಸೆಪ್ ದಲ್ಮಾವು ತಂಡ ವಿವರಿಸಿದ ಒಂದು ಮಿದುಳಿನ ಉರಿಯೂತ ಥೇಟ್ ಮನೋರೋಗದಂತೆಯೇ ಶುರುವಾಗುತ್ತದೆ. ಅದಕ್ಕೆ ಕಾರಣವಾದ ಪ್ರತಿಕಾಯ (ಆ್ಯಂಟಿಬಾಡಿ) ಪತ್ತೆಯಾದರೆ ಚಿಕಿತ್ಸೆಯೂ ಉಂಟು.

ನನ್ನ ಕೈಯಿಂದ ಆಗುವ ದೊಡ್ಡ ಉಪಕಾರ ಮಾತ್ರ ಬೇರೆ. ಉಳಿದ ಔಷಧಗಳಿಗೆ ಜಗ್ಗದ ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ಕೊಡುತ್ತಾರೆ. ಅದು ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಅದಕ್ಕೇ ಮೊದಲ 18 ವಾರ ವಾರಕ್ಕೊಮ್ಮೆ ಎಣಿಸುವುದು ರೂಢಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಇದೇ ತಪ್ಪುತ್ತದೆ. ತಪ್ಪಿಸಬೇಡಿ. ಜ್ವರ, ಗಂಟಲು ನೋವು ಬಂದರೆ ಅಂದೇ ವೈದ್ಯರಿಗೆ ತಿಳಿಸಿ.

ಆ ತಾಯಿಗೆ ನಾನು ಹೇಳುವುದು ಇಷ್ಟೇ: 'ರಿಪೋರ್ಟ್ ಜೋಡಿ ಮಗನ್ನೂ ಕರ್ಕೊಂಡು ಧಾರವಾಡದ ಮನೋರೋಗ ಆಸ್ಪತ್ರಿ ಡಿಮ್ಹಾನ್ಸ್‌ಗೆ ಹೋಗ್ರಿ. ಹೋಗೂದಾಗಲಿಲ್ಲಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕ ಫೋನ್ ಹಚ್ಚ್ರಿ, ರೊಕ್ಕ ಬೀಳಂಗಿಲ್ಲ.'