ಜೀವಕೋಶದ ಶಕ್ತಿ: ಒಂದು ಪಾಠದ ತಿದ್ದುಪಡಿ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆಯಬೇಕೆಂದು ಸಮಿತಿಯವರು ಕೇಳಿದರು. ಅದಕ್ಕೂ ಮೊದಲು ನಾನೊಂದು ಸಾಲ ತೀರಿಸಬೇಕಾಗಿದೆ. 1983ರಲ್ಲಿ ಹತ್ತನೆಯ ತರಗತಿಗೆ ಜೀವಕೋಶದ ಪಾಠ ಮಾಡುತ್ತ, ಎಟಿಪಿ ಎಂಬ ಅಣುವಿನ ಬಂಧ ಮುರಿದಾಗ ಅದರೊಳಗೆ ಅಡಗಿದ ಶಕ್ತಿ ಹೊರಬರುತ್ತದೆಂದು ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಾಸ್ಟ್ರೇ, ಕೋಲು ಮುರಿಯಲಿಕ್ಕೆ ನಾವೇ ಬಲ ಹಾಕಬೇಕಲ್ಲ? ಮುರಿದರೆ ಶಕ್ತಿ ಬರುವುದು ಹೇಗೆ?" ಎಂದಳು. ಪರೀಕ್ಷೆಗೆ ಪುಸ್ತಕದಲ್ಲಿದ್ದಂತೆ ಬರೆದರೆ ಸಾಕೆಂದು ಗದರಿಸಿ ಕುಳ್ಳಿರಿಸಿದೆ. ಅವಳು ಹೇಳಿದ್ದೇ ಸರಿ.

ಯಾವ ರಾಸಾಯನಿಕ ಬಂಧವನ್ನು ಮುರಿಯುವುದಕ್ಕೂ ಶಕ್ತಿಯನ್ನು ವ್ಯಯಿಸಲೇಬೇಕು. ಎಟಿಪಿಯಲ್ಲಿ ಮೂರು ಫಾಸ್ಫೇಟುಗಳು ಸಾಲಾಗಿವೆ. ಮೂರಕ್ಕೂ ಋಣ ವಿದ್ಯುದಾವೇಶವಿರುವುದರಿಂದ ಅವು ಒಂದನ್ನೊಂದು ದೂಡುತ್ತವೆ. ಕೊನೆಯ ಫಾಸ್ಫೇಟು ನೀರಿನೊಡನೆ ವರ್ತಿಸಿ ಕಳಚಿಕೊಂಡಾಗ ಹೊಸದಾಗಿ ಏರ್ಪಡುವ ಬಂಧಗಳು ಹಳೆಯವಕ್ಕಿಂತ ದೃಢವಾದವು. ಮುರಿಯಲು ತೆತ್ತುದಕ್ಕಿಂತ ಕೂಡುವಾಗ ದೊರೆತುದು ಅಧಿಕ. ಆ ಉಳಿಕೆಯಿಂದಲೇ ಸ್ನಾಯು ಸಂಕುಚಿಸುತ್ತದೆ, ನರ ಕೆಲಸ ಮಾಡುತ್ತದೆ. ಈ ಅಣುವನ್ನು 1929ರಲ್ಲಿ ಜರ್ಮನಿಯಲ್ಲಿ ಲೋಮನ್ ಅವರೂ ಅಮೆರಿಕದಲ್ಲಿ ಫಿಸ್ಕೆಯವರೊಡನೆ ನಮ್ಮವರೇ ಆದ, ಆಂಧ್ರದ ಭೀಮವರಂನಲ್ಲಿ ಜನಿಸಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರೂ ಕಂಡುಹಿಡಿದರು. ಆ ಹೆಸರನ್ನೂ ನಾನು ತರಗತಿಯಲ್ಲಿ ಹೇಳಿರಲಿಲ್ಲ.

ಎಟಿಪಿಯನ್ನು ಕಣಜವೆಂದು ತಿಳಿಯಬಾರದು. ಕಣಜಗಳೆಂದರೆ ಗ್ಲೈಕೋಜನ್ ಮತ್ತು ಕೊಬ್ಬು. ರಭಸವಾಗಿ ಓಡುವವನ ಸ್ನಾಯುವಿನಲ್ಲಿರುವ ಎಟಿಪಿ ಕೆಲವೇ ಕ್ಷಣಗಳಿಗೆ ಸಾಲುತ್ತದೆ. ಅದನ್ನು ಸತತವಾಗಿ ತಯಾರಿಸುತ್ತಲೇ ಇರಬೇಕು.

ತಯಾರಿ ಹೇಗೆ? ನಮ್ಮ ಕಾಸರಗೋಡಿನ ಕಡೆ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟ ಹಾಕುವುದನ್ನು ನೀವೆಲ್ಲ ಬಲ್ಲಿರಿ. ಮೈಟೋಕಾಂಡ್ರಿಯದ ಒಳಪೊರೆಯೂ ಅಂಥದೇ ಒಂದು ಕಟ್ಟ. ಆಹಾರದಿಂದ ಬಂದ ಇಲೆಕ್ಟ್ರಾನುಗಳು ಆಮ್ಲಜನಕದತ್ತ ಸಾಗುವಾಗ ದೊರೆಯುವ ಬಲದಿಂದ ಪ್ರೋಟಾನುಗಳು ಪೊರೆಯ ಆಚೆಗೆ ದೂಡಲ್ಪಡುತ್ತವೆ. ಅಲ್ಲಿ ಒತ್ತಾಗಿ ಕೂಡಿಬಿದ್ದ ಪ್ರೋಟಾನುಗಳು ಕಿಂಡಿಯ ಮೂಲಕ ಹಿಂದಿರುಗುವಾಗ ಪ್ರೋಟೀನಿನ ಚಕ್ರವೊಂದು ತಿರುಗುತ್ತದೆ. ಎಡಿಪಿಗೆ ಫಾಸ್ಫೇಟು ಸೇರಿ ಎಟಿಪಿಯಾಗುತ್ತದೆ. ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಈ ಕಟ್ಟದ ವಿಚಾರವನ್ನು ಮಂಡಿಸಿದಾಗ ಒಪ್ಪಿದವರು ವಿರಳ. 1978ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಇನ್ನೊಂದು ತಿದ್ದುಪಡಿ. ಒಂದು ಗ್ಲೂಕೋಸ್ ಅಣುವಿನಿಂದ 38 ಎಟಿಪಿ ದೊರೆಯುತ್ತವೆಂದು ಉಕ್ತಲೇಖನ ಬರೆಸಿದ್ದೆ. ಈಗಿನ ಗಣನೆ 30ರಿಂದ 32. ಎಡಿಪಿಯನ್ನೂ ಫಾಸ್ಫೇಟನ್ನೂ ಒಳತರಲು ತಗಲುವ ಪ್ರೋಟಾನುಗಳ ವೆಚ್ಚ ಹಳೆಯ ಲೆಕ್ಕದಲ್ಲಿ ಸೇರಿರಲಿಲ್ಲ.

ಆ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿಯೂ ಪುಸ್ತಕದಂತೆ ಬರೆಯಲಿಲ್ಲ. ಎರಡು ಅಂಕ ಕಳೆದಿದ್ದೆ. ಈ ಸಂಚಿಕೆ ಆಕೆಯ ಕೈ ಸೇರಿದರೆ ಆ ಎರಡು ಅಂಕಗಳನ್ನು ಸೇರಿಸಿಕೊಳ್ಳಲಿ.