ಕೇಸು ಮುಗಿದ ಮೇಲೆ ಕಡತ ಯಾರ ಮನೆಯಲ್ಲಿ?

ನಮ್ಮ ಓಣಿಯ ಕಾಕಾ ಒಬ್ಬರ ಹೊಲ ಕೃಷ್ಣಾ ದಂಡೆಯಲ್ಲಿದೆ, ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿಗೆ ಹತ್ತಿಕೊಂಡು. ಒಂದು ರಾತ್ರಿ ಅವರ ಪಂಪ್‌ಸೆಟ್ಟಿನ ತಾಮ್ರದ ಕೇಬಲ್ ಹೋಯಿತು. ಕೆಲವು ತಿಂಗಳಾದ ಮೇಲೆ ಕಳ್ಳರು ಸಿಕ್ಕರು. ‘ಪ್ರಕರಣ ಭೇದಿಸಿದ ಪೊಲೀಸರು’ ಅಂತ ಪೇಪರಿನಲ್ಲಿ ಫೋಟೋ ಸಮೇತ ಬಂತು. ಕಾಕಾ ಆ ಪೇಪರ್ ಮಡಚಿಕೊಂಡು ನಮ್ಮ ಕಟ್ಟೆಗೆ ಬಂದರು. “ತಮ್ಮಾ, ಕೇಸ್ ಅಂತೂ ಪತ್ತೆ ಆತು. ಆ ಫೈಲ್ ನಮಗ ನೋಡಾಕ ಸಿಗತೈತೇನು?”

ಸಿಗುತ್ತದೆ, ಆದರೆ ಪೂರ್ತಿ ಅಲ್ಲ. ಎಲ್ಲರಿಗೂ ಅಲ್ಲ, ಒಂದೇ ಕಡೆಯೂ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪೊಲೀಸರು ‘ಪತ್ತೆ’ ಅನ್ನುವುದು ಆರೋಪಿ ಸಿಕ್ಕ ದಿನ. ಕೋರ್ಟಿನ ಲೆಕ್ಕದಲ್ಲಿ ಕೇಸು ಮುಗಿಯುವುದು ತೀರ್ಪು ಬಂದು, ಮೇಲ್ಮನವಿಯೂ ತೀರಿದ ದಿನ. ಇವೆರಡರ ನಡುವೆ ಹತ್ತು ವರ್ಷ ಉರುಳಿದರೂ ಆಶ್ಚರ್ಯವಿಲ್ಲ. ಸಂಶೋಧಕ ಡಾ. ಎಂ.ಎಂ. ಕಲಬುರ್ಗಿ ಅವರ ಹತ್ಯೆ ಧಾರವಾಡದಲ್ಲಿ ನಡೆದದ್ದು 2015ರ ಆಗಸ್ಟ್ 30ರಂದು. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತನಿಖೆಯನ್ನು ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಪೇಪರ್ ಓದುವವರಿಗೆ ಅಲ್ಲಿಗೆ ಕೇಸು ಬಗೆಹರಿದಂತೆ. ಕಾನೂನಿನ ಕಣ್ಣಿಗೆ ಅದು ವಿಚಾರಣೆಯ ಆರಂಭ ಮಾತ್ರ. ಕಡತ ಎಷ್ಟು ತೆರೆಯುತ್ತದೆ ಅನ್ನುವುದು ಪತ್ತೆಯ ದಿನದ ಮೇಲಲ್ಲ, ಮುಗಿದ ದಿನದ ಮೇಲೆ ನಿಂತಿದೆ.

ಇನ್ನು ಕಡತ ಅಂದರೇನು? ಒಂದೇ ಫೈಲ್ ಅಂದುಕೊಂಡಿರುತ್ತೇವೆ. ನಿಜದಲ್ಲಿ ಅದು ಬೇರೆ ಬೇರೆ ಕಾಗದಗಳ ಗಂಟು. ಮೇಲೆ ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ. ಆಮೇಲೆ ಪಂಚನಾಮೆ: ಘಟನೆಯ ಜಾಗದಲ್ಲಿ ಪಂಚರ ಮುಂದೆ ಬರೆದದ್ದು, ಕೊನೆಗೆ ಅವರ ಸಹಿ ಅಥವಾ ಹೆಬ್ಬೆಟ್ಟು. ಸಾಕ್ಷಿಗಳ ಹೇಳಿಕೆ. ಪ್ರಯೋಗಾಲಯದ ವರದಿ, ಸಾವಿನ ಕೇಸಾದರೆ ಶವಪರೀಕ್ಷೆಯ ವರದಿ. ಇವೆಲ್ಲವನ್ನೂ ಪೋಣಿಸಿ ಕೋರ್ಟಿಗೆ ಕೊಡುವ ಅಂತಿಮ ವರದಿಯೇ ಚಾರ್ಜ್‌ಶೀಟ್, ನಮ್ಮ ಮಾತಿನಲ್ಲಿ ದೋಷಾರೋಪ ಪಟ್ಟಿ. ಇದರ ಜೊತೆಗೆ ಕೇಸ್ ಡೈರಿ ಇರುತ್ತದೆ: ತನಿಖಾಧಿಕಾರಿ ದಿನದಿನವೂ ಎಲ್ಲಿಗೆ ಹೋದೆ, ಯಾರನ್ನು ಕೇಳಿದೆ ಎಂದು ಬರೆದಿಡುವ ದಿನಚರಿ.

ಇದರಲ್ಲಿ ಬಾಗಿಲು ಅತಿ ಅಗಲವಾಗಿರುವುದು ಎಫ್‌ಐಆರ್‌ಗೆ. ಫಿರ್ಯಾದಿಗೆ, ಅಂದರೆ ದೂರು ಕೊಟ್ಟವರಿಗೆ, ಅದರ ನಕಲು ಪುಕ್ಕಟೆ ಕೊಡಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನು ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ (ಸಿಆರ್‌ಪಿಸಿ) ಹೀಗೇ ಇತ್ತು. ಫಿರ್ಯಾದಿ ಅಲ್ಲದವರು? 2016ರ ಸೆಪ್ಟೆಂಬರಿನಲ್ಲಿ ಯೂತ್ ಬಾರ್ ಅಸೋಸಿಯೇಷನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಪೊಲೀಸರು ಅದನ್ನು ವೆಬ್‌ಸೈಟಿಗೆ ಹಾಕಬೇಕು. ನೆಟ್‌ವರ್ಕ್ ಸಿಗದ ಊರಾದರೆ 72 ಗಂಟೆಯವರೆಗೆ ಸಡಿಲಿಕೆ ಇದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಹಾಕುವಂತಿಲ್ಲ. ಸೂಕ್ಷ್ಮ ಎಂದು ತೀರ್ಮಾನಿಸುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ಕರ್ನಾಟಕ ಪೊಲೀಸರ ವೆಬ್‌ಸೈಟಿನಲ್ಲಿ ನಮ್ಮ ಜಿಲ್ಲೆ ಬಾಗಲಕೋಟೆ ಅಂತ ಆರಿಸಿ, ಠಾಣೆಯ ಹೆಸರು, ಅಪರಾಧ ಸಂಖ್ಯೆ, ವರ್ಷ ಹಾಕಿ ಹುಡುಕಿ. ಅಪರಾಧ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲಿ ಹೋದರೂ ಮೊದಲು ಕೇಳುವುದು ಅದನ್ನೇ.

“ಎಫ್‌ಐಆರ್ ಆನ್‌ಲೈನ್ ಹಾಕ್ತಾರ ಅಂದ್ರ ಚಾರ್ಜ್‌ಶೀಟ್ ಯಾಕ ಹಾಕಂಗಿಲ್ಲ?” ಕಾಕಾರ ಮುಂದಿನ ಪ್ರಶ್ನೆ. ಇದೇ ಪ್ರಶ್ನೆ ಹಿಡಿದು ಪತ್ರಕರ್ತ ಸೌರವ್ ದಾಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2023ರ ಜನವರಿ 20ರಂದು ಕೋರ್ಟ್ ಆಗದು ಅಂದಿತು. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆಯಲ್ಲ, ಅದನ್ನು ಎಲ್ಲರ ಮುಂದೆ ಹರವಿದರೆ ಆರೋಪಿ, ಸಂತ್ರಸ್ತರು ಇಬ್ಬರ ಹಕ್ಕಿಗೂ ಧಕ್ಕೆ ಎಂಬುದು ಅದರ ನಿಲುವು. ಈ ತೀರ್ಪು ನನಗೆ ಅರ್ಧ ಒಪ್ಪಿಗೆ. ವಿಚಾರಣೆ ನಡೆದಿರುವಾಗ ಸಾಕ್ಷಿಯ ಮನೆ ವಿಳಾಸ ವಾಟ್ಸ್‌ಆ್ಯಪಿನಲ್ಲಿ ಓಡಾಡಬಾರದು, ನಿಜ. ಎಲ್ಲ ಮುಗಿದು ಇಪ್ಪತ್ತು ವರ್ಷವಾದ ಮೇಲೂ ಅದೇ ಭಯ ಇರಬೇಕೇ?

ಕಾಗದ ಯಾರಿಗೆ ಹಕ್ಕಿನಿಂದ ಸಿಗುತ್ತದೆ ನೋಡಿ. ಆರೋಪಿಗೆ ಚಾರ್ಜ್‌ಶೀಟ್, ಹೇಳಿಕೆ, ದಾಖಲೆಗಳ ನಕಲನ್ನು ಕೋರ್ಟೇ ಪುಕ್ಕಟೆ ಕೊಡಿಸುತ್ತದೆ. ಹೊಸ ಸಂಹಿತೆಯ 230ನೇ ಕಲಂ ಪ್ರಕಾರ ಆರೋಪಿ ಕೋರ್ಟಿಗೆ ಹಾಜರಾದ 14 ದಿನದೊಳಗೆ. ಅದೇ ಕಲಂ ಈಗ ಸಂತ್ರಸ್ತರಿಗೂ ನಕಲು ಕೊಡಿ ಅನ್ನುತ್ತದೆ, ಅವರ ಪರ ವಕೀಲರು ಹಾಜರಿದ್ದರೆ. ಹಾಗಾಗಿ ನೊಂದವರು ವಕಾಲತ್ತು ಹಾಕಿಸುವುದು ಲಾಭ. ತನಿಖೆ ಎಲ್ಲಿಗೆ ಬಂತು ಅನ್ನುವುದನ್ನೂ 90 ದಿನದೊಳಗೆ ಫಿರ್ಯಾದಿಗೋ ಸಂತ್ರಸ್ತರಿಗೋ ಪೊಲೀಸರು ತಿಳಿಸಬೇಕು. ಫೋನಿಗೆ ಮೆಸೇಜ್ ಕಳಿಸಿದರೂ ನಡೆಯುತ್ತದೆ. ಇದು 193ನೇ ಕಲಮಿನಲ್ಲಿದೆ.

ಕೇಸ್ ಡೈರಿಯ ಆಸೆ ಬಿಡಿ. ಅದನ್ನು ಕೋರ್ಟ್ ತರಿಸಿ ನೋಡಬಹುದು. ಆರೋಪಿಗೂ ಅದನ್ನು ಕೇಳುವ ಹಕ್ಕಿಲ್ಲ. ಸಾಕ್ಷಿ ಕಟ್ಟೆಯಲ್ಲಿ ಅಧಿಕಾರಿ ಡೈರಿ ನೋಡಿ ನೆನಪು ಮಾಡಿಕೊಂಡರೆ, ಇಲ್ಲವೇ ಆ ಅಧಿಕಾರಿಯ ಮಾತನ್ನು ಅಲ್ಲಗಳೆಯಲು ಕೋರ್ಟೇ ಅದನ್ನು ಬಳಸಿದರೆ ಮಾತ್ರ ಆ ಭಾಗ ತೆರೆಯುತ್ತದೆ.

ನಾವು ನೀವು ಆ ಕೇಸಿನಲ್ಲಿ ಯಾರೂ ಅಲ್ಲ, ಬರೀ ಊರವರು ಅಥವಾ ಓದುಗರು. ನಮಗೆ? ತೀರ್ಪು ಇದೆ. ಜನ ಇದನ್ನು ಮರೆತೇಬಿಡುತ್ತಾರೆ. ತೆರೆದ ಕೋರ್ಟಿನಲ್ಲಿ ಹೇಳಿದ ತೀರ್ಪು ಮುಚ್ಚಿಡುವ ಕಾಗದವಲ್ಲ, ಮತ್ತು ತನಿಖೆಯ ಬಹುಪಾಲು ಕಥೆ ಅದರೊಳಗೇ ಬಂದಿರುತ್ತದೆ. ಯಾವ ಸಾಕ್ಷಿ ಏನು ಹೇಳಿದ, ಪಂಚನಾಮೆ ಎಲ್ಲಿ ಗಟ್ಟಿ ನಿಂತಿತು, ಎಲ್ಲಿ ಬಿತ್ತು, ಎಲ್ಲವೂ.

ದಕ್ಷಿಣ ಕನ್ನಡದ ‘ಸಯನೈಡ್ ಮೋಹನ್’ ಪ್ರಕರಣ ತೆಗೆದುಕೊಳ್ಳಿ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದ ಮೋಹನ್ ಕುಮಾರ್ ಮದುವೆಯಾಗುವೆನೆಂದು ನಂಬಿಸಿ ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕರೆದೊಯ್ಯುತ್ತಿದ್ದ. ಗರ್ಭ ನಿಲ್ಲದಿರಲು ಎಂದು ಹೇಳಿ ಸಯನೈಡ್ ಮಾತ್ರೆ ಕೊಡುತ್ತಿದ್ದ. ಬಸ್ ನಿಲ್ದಾಣದ ಶೌಚಾಲಯದಲ್ಲಿ ಆಕೆ ಸಾಯುತ್ತಿದ್ದಳು. ಗುರುತು ಸಿಗದ ಹೆಣ, ಅಲ್ಲಿನ ಠಾಣೆಯಲ್ಲಿ ಒಂದು ಯುಡಿಆರ್. ಯುಡಿಆರ್ ಅಂದರೆ ಅಸಹಜ ಸಾವಿನ ವರದಿ. ಹೆಣ ಸಿಕ್ಕ ಊರಿನಲ್ಲಿ ಒಂದು ಫೈಲ್, ಮಗಳು ಕಾಣೆಯಾದ ಊರಿನಲ್ಲಿ ಇನ್ನೊಂದು ದೂರು. ಎರಡೂ ಎದುರುಬದುರು ಕೂತದ್ದು 2009ರ ಅಕ್ಟೋಬರಿನಲ್ಲಿ ಆತ ಸಿಕ್ಕಿಬಿದ್ದ ಮೇಲೆ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ಕೋರ್ಟ್ ಮೊದಲ ಬಾರಿಗೆ ಆತನನ್ನು ತಪ್ಪಿತಸ್ಥ ಎಂದಿತು. ಇಪ್ಪತ್ತನೆಯ ಕೇಸಿನ ತೀರ್ಪು ಬಂದದ್ದು 2020ರ ಜೂನಿನಲ್ಲಿ. ಒಂದೊಂದು ಸಾವಿಗೂ ಒಂದೊಂದು ಕೇಸು, ಒಂದೊಂದು ತೀರ್ಪು. ಆ ಚೆದುರಿದ ಫೈಲುಗಳು ಹೇಗೆ ಜೋಡಿಕೊಂಡವು ಎಂದು ತಿಳಿಯಲು ಠಾಣೆಗೆ ಅಲೆಯಬೇಕಿಲ್ಲ. ತೀರ್ಪುಗಳನ್ನು ಓದಿದರೆ ಸಾಕು.

ತೀರ್ಪು ಹುಡುಕುವುದು ಸುಲಭ, ಖರ್ಚೂ ಇಲ್ಲ. ಫೋನಿಗೆ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ. ಬಾಗಲಕೋಟೆ ಜಿಲ್ಲೆ ಆರಿಸಿ, ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ನಿಮ್ಮ ಕೋರ್ಟ್ ಯಾವುದೋ ಅದನ್ನು ಹಿಡಿಯಿರಿ. ಎಫ್‌ಐಆರ್ ಸಂಖ್ಯೆಯಿಂದಲೂ ಹುಡುಕಬಹುದು, ಆರೋಪಿಯ ಹೆಸರಿನಿಂದಲೂ. ಪ್ರತಿ ಕೇಸಿಗೂ ಸಿಎನ್‌ಆರ್ ಎಂಬ 16 ಅಕ್ಷರದ ಗುರುತು ಇರುತ್ತದೆ. ಅದು ಸಿಕ್ಕರೆ ಮುಂದಿನ ಬಾರಿ ನೇರ ಹೋಗಬಹುದು. ನಮ್ಮ ಭಾಗದಿಂದ ಹೈಕೋರ್ಟಿಗೆ ಹೋಗುವ ಮೇಲ್ಮನವಿ ಅದರ ಧಾರವಾಡ ಪೀಠಕ್ಕೆ ಹೋಗುತ್ತದೆ. ಅದರ ತೀರ್ಪುಗಳೂ ಆನ್‌ಲೈನ್ ಇವೆ.

ಪಂಚನಾಮೆಯೋ ಸಾಕ್ಷ್ಯವೋ ಬೇಕೇ ಬೇಕು ಅಂದರೆ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ. ವಿಚಾರಣೆಯಲ್ಲಿ ಗುರುತು ಹಾಕಿದ ದಾಖಲೆಗಳೆಲ್ಲ ಕೋರ್ಟಿನ ಕಟ್ಟಿನಲ್ಲಿರುತ್ತವೆ. ಕೇಸು ತೀರಿದ ಮೇಲೆ ಆ ಕಟ್ಟು ರೆಕಾರ್ಡ್ ರೂಮಿಗೆ ಹೋಗುತ್ತದೆ. ನೀವು ಕೇಸಿನ ಪಕ್ಷಗಾರರಾದರೆ ನಕಲು ಅರ್ಜಿ ಕೊಟ್ಟರಾಯಿತು. ಹೊರಗಿನವರಾದರೆ ಯಾಕೆ ಬೇಕು ಅನ್ನುವುದನ್ನು ಅರ್ಜಿಯಲ್ಲಿ ಬರೆಯಬೇಕು. ಕೋರ್ಟ್ ಒಪ್ಪಿದರೆ ಸಿಗುತ್ತದೆ. ಕೋರ್ಟ್ ಫೀ ಸ್ಟಾಂಪು, ಪುಟದ ಲೆಕ್ಕಕ್ಕೆ ನಕಲು ಶುಲ್ಕ, ಇಷ್ಟೇ ಖರ್ಚು. ಅದರಲ್ಲಿ ಕೋರ್ಟಿನ ಮೊಹರು ಇರುವುದರಿಂದ ಬೇರೆ ಕಡೆಯೂ ನಡೆಯುತ್ತದೆ. ಇದಕ್ಕೆ ಆರ್‌ಟಿಐ ಅರ್ಜಿ ಹಾಕಿ ಸಮಯ ಕಳೆಯಬೇಡಿ. ಕೋರ್ಟಿನ ಕಾಗದಕ್ಕೆ ಕೋರ್ಟಿನ ನಿಯಮದಂತೆಯೇ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಮೊಕದ್ದಮೆಯೊಂದರಲ್ಲಿ ಹೇಳಿದೆ.

ಆರ್‌ಟಿಐ, ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ, ಉಪಯೋಗಕ್ಕೆ ಬರುವುದು ಠಾಣೆಯಲ್ಲೇ ಉಳಿದ ಕಾಗದಗಳಿಗೆ. ಠಾಣೆಯವರು ಸಾಮಾನ್ಯವಾಗಿ ತೋರಿಸುವುದು 8(1)(ಎಚ್) ಕಲಂ. ತನಿಖೆಗೆ, ಆರೋಪಿಯ ಬಂಧನಕ್ಕೆ, ವಿಚಾರಣೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಎಂದು ಅದು ಹೇಳುತ್ತದೆ. ಗಮನವಿಡಿ, ‘ಅಡ್ಡಿಯಾಗುವ’ ಎಂದಿದೆ. ತನಿಖೆ ನಡೆದಿದೆ ಅಂದ ಮಾತ್ರಕ್ಕೆ ಸಾಲದು, ಹೇಗೆ ಅಡ್ಡಿ ಅಂತ ಕಾರಣ ಕೊಡಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಹೇಳಿತ್ತು. ಕೇಸು ಕೊನೆಯವರೆಗೂ ತೀರಿದ್ದರೆ ಅಡ್ಡಿಪಡಿಸಲು ಉಳಿದದ್ದಾದರೂ ಏನು? ಅದಕ್ಕೇ ಅರ್ಜಿಯಲ್ಲಿ ತೀರ್ಪಿನ ದಿನಾಂಕ ಬರೆಯಿರಿ.

ಉಳಿಯುವ ಅಡ್ಡಗಾಲು ಎರಡು. ಸುಳಿವು ಕೊಟ್ಟವರ ಜೀವಕ್ಕೆ ಅಪಾಯ, ಮತ್ತು ವೈಯಕ್ತಿಕ ಮಾಹಿತಿ. ಎರಡನೆಯದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇನ್ನಷ್ಟು ಬಿಗಿ ಮಾಡಿದೆ. ಇದಕ್ಕೊಂದು ಉಪಾಯವಿದೆ. ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂ ಪ್ರಕಾರ ಕೊಡಬಾರದ ಭಾಗ ಮುಚ್ಚಿ ಉಳಿದದ್ದನ್ನು ಕೊಡಬಹುದು. ನೀವೇ ಅದನ್ನು ಬರೆದುಬಿಡಿ, ಹೀಗೆ:

‘ಅಪರಾಧ ಸಂಖ್ಯೆ ಇಷ್ಟು, ವರ್ಷ ಇಂಥದು. ಈ ಪ್ರಕರಣದಲ್ಲಿ ಇಂಥ ನ್ಯಾಯಾಲಯವು ಇಂಥ ದಿನಾಂಕದಂದು ತೀರ್ಪು ನೀಡಿದ್ದು, ಮೇಲ್ಮನವಿ ಬಾಕಿ ಇಲ್ಲ. ಅಂತಿಮ ವರದಿ ಹಾಗೂ ಸ್ಥಳ ಪಂಚನಾಮೆಯ ನಕಲು ಕೋರುತ್ತೇನೆ. ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂ ಪ್ರಕಾರ ಸಾಕ್ಷಿದಾರರ ಹೆಸರು, ವಿಳಾಸ ಮುಚ್ಚಿ ಕೊಡಬಹುದು.’

ಇಷ್ಟು ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಮೂನೆ-ಎ ತುಂಬಿ. ಯಾಕೆ ಬೇಕು ಅಂತ ಇಲ್ಲಿ ಬರೆಯಬೇಕಿಲ್ಲ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ಸರಿ, ನಗದಾದರೂ ಸರಿ. ನಕಲು ಎ4 ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರು ಕಾರ್ಡಿನ ಪ್ರತಿ ಲಗತ್ತಿಸಿದರೆ ಅರ್ಜಿ ಶುಲ್ಕವಿಲ್ಲ. ಮಾಹಿತಿ ಅಧಿಕಾರಿ ಯಾರೆಂದು ಕಚೇರಿಯ ಫಲಕ ನೋಡಿ. ತಪ್ಪು ಕಚೇರಿಗೆ ಕೊಟ್ಟರೂ ಅವರು 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. 30 ದಿನ ಕಾಯಿರಿ. ಉತ್ತರ ಬಾರದಿದ್ದರೆ ಇಲ್ಲವೇ ಒಪ್ಪಿಗೆಯಾಗದಿದ್ದರೆ, ಆಮೇಲಿನ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗಕ್ಕೆ ಬೆಳಗಾವಿಯಲ್ಲೂ ಪೀಠವಿದೆ.

ಹಳೆಯ ಕೇಸುಗಳಿಗೆ ಇನ್ನೊಂದು ಬಾಗಿಲಿದೆ, ಬಹಳ ಜನ ಅದನ್ನು ತಟ್ಟಿಯೇ ಇಲ್ಲ. ಘಟನೆ ನಡೆದು 20 ವರ್ಷ ಕಳೆದಿದ್ದರೆ ಈ ಮೇಲಿನ ವಿನಾಯಿತಿಗಳು ಉಳಿಯುವುದಿಲ್ಲ ಅನ್ನುತ್ತದೆ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಂ. ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಸಚಿವ ಸಂಪುಟದ ಕಾಗದ, ಈ ಮೂರು ಮಾತ್ರ ಹೊರತು. ತೊಡಕು ಬೇರೆ ಕಡೆ ಇದೆ. ಅಷ್ಟು ವರ್ಷ ಕಡತ ಉಳಿದಿರಬೇಕಲ್ಲ? ಅವಧಿ ಮುಗಿದ ಕಾಗದಗಳನ್ನು ನಿಯಮದಂತೆ ನಾಶ ಮಾಡುತ್ತಾರೆ. ‘ಕಡತ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದರೆ, ನಾಶಪಡಿಸಿದ ಆದೇಶದ ನಕಲು ಕೊಡಿ ಎಂದು ಇನ್ನೊಂದು ಅರ್ಜಿ ಹಾಕಿ. ನಾಶವಾಗಿದ್ದರೆ ಅದಕ್ಕೂ ಒಂದು ಕಾಗದ ಇರಲೇಬೇಕು.

ಕಡತ ಕೈಗೆ ಬಂದ ಮೇಲೆ ಒಂದು ಎಚ್ಚರ. ಲೈಂಗಿಕ ಅಪರಾಧದ ಸಂತ್ರಸ್ತೆಯ ಹೆಸರು, ಗುರುತು ಹೊರಗೆಡಹುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲೂ ಹೀಗೇ. ಫೋಟೋ ಹೊಡೆದು ಗ್ರೂಪಿಗೆ ಹಾಕುವ ಮುಂಚೆ ನೆನಪಿರಲಿ.

ಇಷ್ಟೆಲ್ಲ ಕೇಳಿದ ಕಾಕಾ ಚಹಾದ ಕಪ್ಪು ಕೆಳಗಿಟ್ಟರು. “ಅದೆಲ್ಲಾ ಖರೆ ತಮ್ಮಾ. ಮತ್ತ ನನ್ನ ಕೇಬಲ್?”

ಅವರಿಗೆ ಬೇಕಾದದ್ದು ಫೈಲಲ್ಲ, ಮುದ್ದೇಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತು. ಅದಕ್ಕೆ ನಕಲೂ ಬೇಡ, ಆರ್‌ಟಿಐಯೂ ಬೇಡ. ವಿಚಾರಣೆ ಇನ್ನೂ ನಡೆದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಅಡಿ ಅದೇ ಕೋರ್ಟಿಗೆ ಅರ್ಜಿ. ಕೇಬಲ್ ನನ್ನದು ಅನ್ನಲು ಖರೀದಿಯ ರಸೀದಿ ಇದ್ದರೆ ಒಳ್ಳೆಯದು. ಕೋರ್ಟ್ ಬಾಂಡ್ ಬರೆಸಿಕೊಂಡು ಕೈಗೆ ಕೊಡಿಸಬಹುದು. ಕಾಕಾ ಈಗ ರಸೀದಿ ಹುಡುಕುತ್ತಿದ್ದಾರೆ.